ಮೈದಾ ಇಲ್ಲದ ಕುಕ್ಕೀಸ್ ಪುಡಿಪುಡಿ ಆಗಲ್ವಾ?

ಪೀನಟ್ ಬಟರ್, ಓಟ್ಸ್, ಬೆಲ್ಲ, ಒಂದು ಮೊಟ್ಟೆ. ನಾನು ಮನೆಯಲ್ಲಿ ಮಾಡುವ ಕುಕ್ಕೀಸ್‌ಗೆ ಬೀಳುವುದು ಹೆಚ್ಚುಕಮ್ಮಿ ಇಷ್ಟೇ. ಯಾರಿಗೆ ಕೊಟ್ಟರೂ ತಿಂದು ಮುಗಿಸಿ ಕೇಳುವ ಪ್ರಶ್ನೆ ಒಂದೇ: "ಮೈದಾನೂ ಇಲ್ಲ, ಗೋಧಿನೂ ಇಲ್ಲ ಅಂತೀರಿ. ಮತ್ತೆ ಇದು ಪುಡಿಪುಡಿ ಆಗದೆ ಹೇಗೆ ನಿಂತಿದೆ?" ಅದರ ಬೆನ್ನಿಗೇ ಇನ್ನೊಂದು ಬರುತ್ತದೆ: "ಗ್ಲುಟೆನ್ ಫ್ರೀ ಅಂದಮೇಲೆ ಎಷ್ಟು ಬೇಕಾದರೂ ತಿನ್ನಬಹುದು, ಅಲ್ವಾ?" ಎರಡನೆಯದಕ್ಕೆ ಉತ್ತರ ಚಿಕ್ಕದು: ಇಲ್ಲ. ಮೊದಲನೆಯದಕ್ಕೆ ಸ್ವಲ್ಪ ಕೂತು ಹೇಳಬೇಕು.

ಗ್ಲುಟೆನ್ ಗೋಧಿ, ಬಾರ್ಲಿ, ರೈ ಧಾನ್ಯಗಳಲ್ಲಿರುವ ಪ್ರೋಟೀನ್. ಗೋಧಿ ಹಿಟ್ಟಿಗೆ ನೀರು ಹಾಕಿ ನಾದಿದರೆ ಇದು ಎಳೆಎಳೆಯಾಗಿ ಬಲೆ ಕಟ್ಟುತ್ತದೆ. ಚಪಾತಿ ಹರಿಯದೆ ತೆಳ್ಳಗೆ ಬರುವುದು, ಪರೋಟ ಎಳೆದಷ್ಟೂ ಹಿಗ್ಗುವುದು, ಬ್ರೆಡ್ ಉಬ್ಬಿ ನಿಲ್ಲುವುದು ಎಲ್ಲ ಈ ಬಲೆಯಿಂದ. ಆದರೆ ಕುಕ್ಕೀಸ್‌ಗೆ ಈ ಬಲೆಯಿಂದ ಉಪಕಾರಕ್ಕಿಂತ ಕಾಟವೇ ಜಾಸ್ತಿ. ಬೆಣ್ಣೆ ಬಿಸ್ಕತ್ತು ಮಾಡುವವರನ್ನು ಕೇಳಿ ನೋಡಿ, "ಹಿಟ್ಟು ನಾದಬೇಡಿ, ಸುಮ್ನೆ ಕೂಡಿಸಿ ಸಾಕು" ಅನ್ನುತ್ತಾರೆ. ತುಪ್ಪವನ್ನೋ ಬೆಣ್ಣೆಯನ್ನೋ ಮೊದಲೇ ಮೈದಾಗೆ ಚೆನ್ನಾಗಿ ಉಜ್ಜುತ್ತಾರೆ. ಹಿಟ್ಟಿಗೆ ಜಿಡ್ಡು ಹತ್ತಿದರೆ ನೀರು ಅಷ್ಟಾಗಿ ತಾಗುವುದಿಲ್ಲ, ಬಲೆ ಕಟ್ಟುವುದಿಲ್ಲ, ಬಿಸ್ಕತ್ತು ಬಾಯಲ್ಲಿ ಕರಗುತ್ತದೆ. ಅಂದರೆ ಮೈದಾ ಹಾಕುವವರೂ ಗ್ಲುಟೆನ್ ತಲೆ ಎತ್ತದ ಹಾಗೆ ನೋಡಿಕೊಳ್ಳುತ್ತಾರೆ. ನಾನು ಅದನ್ನು ಈ ಕುಕ್ಕೀಸ್‌ನೊಳಗೇ ಬಿಟ್ಟುಕೊಂಡಿಲ್ಲ, ಅಷ್ಟೆ.

ಹಾಗಾದರೆ ಹಿಡಿದಿಡುವುದು ಯಾವುದು? ನಮ್ಮತ್ತೆ ಮೊದಲ ಸಲ ಇದನ್ನು ತಿಂದು, "ಇದು ಶೇಂಗಾ ಉಂಡೇನೇ ಅಲ್ವೇನೇ? ತಟ್ಟಿ ಬೇಯಿಸಿದ್ದೀಯ" ಅಂದಿದ್ದರು. ಅದಕ್ಕಿಂತ ಸರಿಯಾದ ಉತ್ತರ ನನಗೆ ಗೊತ್ತಿಲ್ಲ. ಶೇಂಗಾ ಉಂಡೆಗೆ ಯಾವ ಹಿಟ್ಟು ಹಾಕುತ್ತೇವೆ? ಹುರಿದ ಶೇಂಗಾ, ಬೆಲ್ಲ, ಕುಟ್ಟಿದಾಗ ಬಿಡುವ ಎಣ್ಣೆ, ಮುಷ್ಟಿಯ ಒತ್ತಡ. ಕುಕ್ಕೀಸ್‌ನಲ್ಲಿ ಮುಷ್ಟಿಯ ಬದಲು ಮೊಟ್ಟೆ ಮತ್ತು ಶಾಖ ಕೆಲಸ ಮಾಡುತ್ತವೆ. ಮೊಟ್ಟೆಯ ಪ್ರೋಟೀನ್ ಬೆಂದು ಗಟ್ಟಿಯಾಗುತ್ತದೆ. ಕರಗಿದ ಬೆಲ್ಲ ಆರಿದಾಗ ಬಿಗಿಯಾಗುತ್ತದೆ. ಓಟ್ಸ್ ಇರುವ ತೇವವನ್ನೆಲ್ಲ ಹೀರಿಕೊಂಡು ಉಬ್ಬಿ ಅಂಟಾಗುತ್ತದೆ. ಅಂಗಡಿಯ ಗ್ಲುಟೆನ್ ಫ್ರೀ ಬ್ರೆಡ್ಡಿಗೆ ಹಾಕುವ ಝಾಂಥನ್ ಗಮ್ ಅನ್ನುವ ಅಂಟಿನ ಪುಡಿ ಇಲ್ಲಿ ಬೇಕಿಲ್ಲ. ಅದನ್ನು ಹುಡುಕಿಕೊಂಡು ಅಲೆಯಬೇಡಿ.

ಈಗ ಅಳತೆ. 250 ಗ್ರಾಂ ಪೀನಟ್ ಬಟರ್, ಅಂದರೆ ಒಂದು ಕಪ್. 100 ಗ್ರಾಂ ಬೆಲ್ಲದ ಪುಡಿ. 100 ಗ್ರಾಂ ಓಟ್ಸ್, ಅರ್ಧ ಮಿಕ್ಸಿಯಲ್ಲಿ ಪುಡಿ ಮಾಡಿದ್ದು, ಇನ್ನರ್ಧ ಹಾಗೇ. ಒಂದು ಮೊಟ್ಟೆ. ಅರ್ಧ ಟೀ ಚಮಚ ಅಡುಗೆ ಸೋಡಾ, ಎರಡು ಚಿಟಿಕೆ ಉಪ್ಪು, ಏಲಕ್ಕಿ. ವೆನಿಲ್ಲಾ ಹಾಕುವವರು ಹಾಕಿ, ನನಗೆ ಶೇಂಗಾ ಜೊತೆ ಏಲಕ್ಕಿಯೇ ಸರಿ. ಎಲ್ಲ ಕಲಸಿದರೆ ಸುಮಾರು 500 ಗ್ರಾಂ ಮುದ್ದೆ ಆಗುತ್ತದೆ. ಇದರಲ್ಲಿ 20 ಕುಕ್ಕೀಸ್.

ಪೀನಟ್ ಬಟರ್ ಕೊಳ್ಳುವುದಾದರೆ ಡಬ್ಬಿ ತಿರುಗಿಸಿ ಹಿಂದಿನ ಸಾಲು ಓದಿ. ಶೇಂಗಾ, ಬೇಕಿದ್ದರೆ ಉಪ್ಪು, ಇಷ್ಟೇ ಇದ್ದರೆ ಒಳ್ಳೆಯದು. ಸಕ್ಕರೆ ಸೇರಿಸಿದ್ದಾದರೆ ಬೆಲ್ಲದ ಲೆಕ್ಕ ತಪ್ಪುತ್ತದೆ. ಎಣ್ಣೆ ಮೇಲೆ ತೇಲುತ್ತಿದ್ದರೆ ತಳದವರೆಗೆ ಕಲಕಿ ಆಮೇಲೆ ಅಳೆಯಿರಿ. ಮೇಲಿನದ್ದನ್ನಷ್ಟೇ ತೆಗೆದರೆ ಕುಕ್ಕೀಸ್ ಎಣ್ಣೆ ಜಿಡ್ಡು, ತಳದ್ದನ್ನಷ್ಟೇ ತೆಗೆದರೆ ಒಣಕಲು.

ನಾನು ಮನೆಯಲ್ಲೇ ಮಾಡುತ್ತೇನೆ, ಯಾಕೆಂದರೆ ಕಷ್ಟವೇ ಇಲ್ಲ. 300 ಗ್ರಾಂ ಶೇಂಗಾ ಸಣ್ಣ ಉರಿಯಲ್ಲಿ ಹುರಿದು, ಆರಿಸಿ, ಕೈಯಲ್ಲಿ ಉಜ್ಜಿ, ಮೊರದಲ್ಲಿ ಕೇರಿ ಸಿಪ್ಪೆ ಹಾರಿಸಬೇಕು. ಕಪ್ಪಾದದ್ದು, ಸುಕ್ಕುಗಟ್ಟಿದ್ದು, ಬೂಸ್ಟು ಹಿಡಿದದ್ದು ಆರಿಸಿ ಬಿಸಾಡಿ. ಇಲ್ಲಿ ಜಿಪುಣತನ ಬೇಡ. ಶೇಂಗಾದ ಬೂಸ್ಟಿನಲ್ಲಿ ಅಫ್ಲಾಟಾಕ್ಸಿನ್ ಅನ್ನುವ ವಿಷ ಇರಬಹುದು, ಹುರಿದರೂ ಅದು ಪೂರ್ತಿ ಹೋಗುವುದಿಲ್ಲ. ಆಮೇಲೆ ಮಿಕ್ಸಿ. ಮೊದಲು ಚಟ್ನಿಪುಡಿಯ ಹಾಗೆ ಪುಡಿಯಾಗುತ್ತದೆ. ಇನ್ನೂ ತಿರುಗಿಸಿದರೆ ಜಾರಿನ ಗೋಡೆಗೆ ಮೆತ್ತಿಕೊಂಡು ಬ್ಲೇಡ್ ಸುಮ್ಮನೆ ತಿರುಗಲು ಶುರುವಾಗುತ್ತದೆ. ಬಹಳ ಜನ ಇಲ್ಲಿ ಗಾಬರಿಯಾಗಿ ಎಣ್ಣೆ ಸುರಿಯುತ್ತಾರೆ. ಬೇಡ. ಸ್ವಿಚ್ ಆಫ್ ಮಾಡಿ, ಚಮಚದಲ್ಲಿ ಕೆರೆದು ನಡುವೆ ತಳ್ಳಿ, ಮಿಕ್ಸಿಗೂ ಎರಡು ನಿಮಿಷ ಉಸಿರಾಡಲು ಬಿಡಿ. ಮತ್ತೆ ಎರಡು ಮೂರು ಸಲ ಹೀಗೆ ಮಾಡಿದರೆ ಮಿಕ್ಸಿಯ ಸದ್ದು ಒಮ್ಮೆಲೇ ಮೆತ್ತಗಾಗುತ್ತದೆ. ಶೇಂಗಾದಲ್ಲಿ ಹೆಚ್ಚುಕಮ್ಮಿ ಅರ್ಧದಷ್ಟು ಎಣ್ಣೆಯೇ ಇದೆ, ಅದು ಬಿಟ್ಟುಕೊಂಡಿತು ಅಂತ ಅರ್ಥ. ಕುಕ್ಕೀಸ್‌ಗೆ ಇಡ್ಲಿ ಹಿಟ್ಟಿನಷ್ಟು ದಪ್ಪ ಇರುವಾಗಲೇ ನಿಲ್ಲಿಸಿ. ತೀರ ನೀರಾದರೆ ಬೇಯುವಾಗ ಎಣ್ಣೆ ಬಿಡುತ್ತದೆ.

ಎಲ್ಲ ಕಲಸಿದ ಮೇಲೆ ಅರ್ಧ ಗಂಟೆ ಮುಚ್ಚಿಡಿ. ಈ ಅರ್ಧ ಗಂಟೆಯನ್ನು ನುಂಗಿಬಿಡುವವರೇ ಆಮೇಲೆ "ಪುಡಿಯಾಯಿತು" ಅಂತ ಫೋನ್ ಮಾಡುವುದು. ಓಟ್ಸ್‌ಗೆ ತೇವ ಹೀರಲು ಸಮಯ ಬೇಕು. ಕಲಸಿದ ತಕ್ಷಣ ಕೈಗೆ ಮೆತ್ತುವ ಮುದ್ದೆ ಅರ್ಧ ಗಂಟೆ ಬಿಟ್ಟು ನೋಡಿದರೆ ನೀಟಾಗಿ ಉಂಡೆ ಕಟ್ಟಲು ಬರುತ್ತದೆ. ನಿಂಬೆಹಣ್ಣಿಗಿಂತ ಸ್ವಲ್ಪ ಸಣ್ಣ ಉಂಡೆ ಮಾಡಿ ತಟ್ಟೆಯಲ್ಲಿಟ್ಟು, ಫೋರ್ಕಿನಿಂದ ಅಡ್ಡಡ್ಡ ಉದ್ದುದ್ದ ಒತ್ತಿ. ಆ ಗೆರೆ ಬರೀ ಚೆಂದಕ್ಕಲ್ಲ. ಇಂಥ ಭಾರದ ಹಿಟ್ಟು ತಾನಾಗಿ ಹರಡುವುದಿಲ್ಲ. ಒತ್ತದಿದ್ದರೆ ಹೊರಗೆ ಬೆಂದು ಒಳಗೆ ಹಸಿಹಸಿ ಉಳಿಯುತ್ತದೆ. ಬೆಲ್ಲ ಕಡಿಮೆ ಮಾಡಿದಷ್ಟೂ ಒತ್ತುವ ಕೆಲಸ ಜಾಸ್ತಿ, ಯಾಕೆಂದರೆ ಕುಕ್ಕೀಸ್ ಹರಡುವಲ್ಲಿ ಸಕ್ಕರೆ ಬೆಲ್ಲದ ಪಾಲು ದೊಡ್ಡದು.

ಈ ಫೋರ್ಕಿನ ಗೆರೆ ಅಮೆರಿಕದ ರೂಢಿ, ಅಲ್ಲಿನ 1930ರ ದಶಕದ ಪಾಕವಿಧಾನಗಳಲ್ಲೇ ಇದೆ. ಅದಕ್ಕೂ ಮೊದಲು, 1916ರಲ್ಲಿ, ಅಲಬಾಮಾದ ಟಸ್ಕೀಗಿಯಲ್ಲಿದ್ದ ಕೃಷಿ ವಿಜ್ಞಾನಿ ಜಾರ್ಜ್ ವಾಷಿಂಗ್ಟನ್ ಕಾರ್ವರ್ ಶೇಂಗಾವನ್ನು 105 ಬಗೆಯಲ್ಲಿ ಬಳಸುವುದು ಹೇಗೆ ಅಂತ ರೈತರಿಗಾಗಿ ಒಂದು ಕಿರುಹೊತ್ತಿಗೆ ತಂದಿದ್ದ. ಅದರಲ್ಲೂ ಶೇಂಗಾ ಕುಕ್ಕೀಸ್ ಇವೆ, ಮೈದಾ ಹಾಕಿದ್ದು. ಪೀನಟ್ ಬಟರ್ ಕಂಡುಹಿಡಿದವನೇ ಅವನು ಅಂತ ವಾಟ್ಸ್ಯಾಪ್‌ನಲ್ಲಿ ಓಡಾಡುವುದು ಮಾತ್ರ ಸುಳ್ಳು.

ಓವನ್ 175 ಡಿಗ್ರಿಗೆ ಕಾದಿರಬೇಕು. ತಟ್ಟೆ ಒಳಗಿಟ್ಟ ಮೇಲೆ 11ರಿಂದ 13 ನಿಮಿಷ. ಅಂಚು ಕೆಂಪಾಗಿರುತ್ತದೆ, ನಡು ಇನ್ನೂ ಮೆತ್ತಗಿರುತ್ತದೆ. ಆಗಲೇ ತೆಗೆಯಬೇಕು. "ಬೆಂದಿಲ್ಲ" ಅಂತ ಮತ್ತೆ ಐದು ನಿಮಿಷ ಇಟ್ಟರೆ ಆರಿದ ಮೇಲೆ ಕಲ್ಲು. ತೆಗೆದ ಮೇಲೆ ಹದಿನೈದು ನಿಮಿಷ ತಟ್ಟೆಯಲ್ಲೇ ಬಿಡಿ, ಮುಟ್ಟಬೇಡಿ. ಪುಡಿಪುಡಿ ಪ್ರಶ್ನೆಯ ನಿಜವಾದ ಉತ್ತರ ಇಲ್ಲಿದೆ. ಬಿಸಿಯಲ್ಲಿ ಬೆಲ್ಲ ಇನ್ನೂ ಪಾಕ, ಎಣ್ಣೆ ಇನ್ನೂ ತೆಳು. ಮೈದಾ ಕುಕ್ಕೀಸ್ ಬಿಸಿಯಿರುವಾಗ ಎತ್ತಿದರೆ ಸ್ವಲ್ಪ ತಡೆದುಕೊಳ್ಳುತ್ತದೆ, ಇದು ತಡೆದುಕೊಳ್ಳುವುದಿಲ್ಲ. ಮಕ್ಕಳು ಪರಿಮಳ ಹಿಡಿದು ಅಡುಗೆಮನೆಗೆ ಬಂದು ನಿಂತಿರುತ್ತಾರೆ, ಗೊತ್ತು. ತಟ್ಟೆಯನ್ನು ಎತ್ತರದಲ್ಲಿಡಿ.

ಓವನ್ ಇಲ್ಲದಿದ್ದರೆ ದಪ್ಪ ತಳದ ಬಾಣಲೆ ಸಾಕು. ಒಳಗೆ ಉಪ್ಪು ಹರಡಿ, ಸ್ಟ್ಯಾಂಡ್ ಇಟ್ಟು, ಮುಚ್ಚಿ ಹತ್ತು ನಿಮಿಷ ಕಾಯಿಸಿ, ಸಣ್ಣ ಉರಿಯಲ್ಲಿ ಇಪ್ಪತ್ತು ನಿಮಿಷ ಬೇಯಿಸಿ. ಮೇಲ್ಭಾಗ ಕೆಂಪಾಗುವುದಿಲ್ಲ, ರುಚಿಗೆ ಮೋಸವಿಲ್ಲ. ಮೊಟ್ಟೆ ಬೇಡದವರು ಒಂದು ದೊಡ್ಡ ಚಮಚ ಅಗಸೆ ಪುಡಿಗೆ ಮೂರು ಚಮಚ ನೀರು ಹಾಕಿ ಹತ್ತು ನಿಮಿಷ ಬಿಟ್ಟರೆ ಲೋಳೆಯಾಗುತ್ತದೆ, ಅದನ್ನು ಹಾಕಿ. ಎರಡು ನಿಮಿಷ ಹೆಚ್ಚಿಗೆ ಬೇಯಿಸಿ. ಮೊಟ್ಟೆಯದ್ದಕ್ಕಿಂತ ಸ್ವಲ್ಪ ಬೇಗ ಮುರಿಯುತ್ತದೆ, ಅದು ನಿಜ. ಬಾಳೆಹಣ್ಣು ಹಾಕಬಹುದಾ ಅಂತಲೂ ಕೇಳುತ್ತಾರೆ. ಹಾಕಬಹುದು, ಆದರೆ ಬರುವುದು ಕೇಕ್.

ಇಷ್ಟು ಹೊತ್ತು ರುಚಿಯ ಮಾತು. ಈಗ ನಾನು ಗಟ್ಟಿಯಾಗಿ ಹೇಳಲೇಬೇಕಾದ್ದು. ನಾನು ಇದನ್ನು ಕಲಿತದ್ದೇ ಅಕ್ಕನ ಮಗಳಿಗೆ ಸೀಲಿಯಾಕ್ ಕಾಯಿಲೆ ಅಂತ ಗೊತ್ತಾದ ಮೇಲೆ. ಈ ಕಾಯಿಲೆಯಲ್ಲಿ ಗ್ಲುಟೆನ್ ಹೊಟ್ಟೆಗೆ ಹೋದರೆ ದೇಹ ತನ್ನ ಸಣ್ಣ ಕರುಳಿನ ಒಳಪದರದ ಮೇಲೇ ದಾಳಿ ಮಾಡುತ್ತದೆ. ಮಗು ಎಷ್ಟು ತಿಂದರೂ ಮೈಗೆ ಹತ್ತುವುದಿಲ್ಲ. ಇದಕ್ಕೆ ಮದ್ದು ಅಂದರೆ ಜೀವನವಿಡೀ ಗ್ಲುಟೆನ್ ಬಿಡುವುದು. ಗೋಧಿಯೇ ಮುಖ್ಯ ಆಹಾರವಾದ ಉತ್ತರ ಭಾರತಕ್ಕೆ ಹೋಲಿಸಿದರೆ ದಕ್ಷಿಣದಲ್ಲಿ ಈ ಕಾಯಿಲೆ ಕಡಿಮೆ. ಹಾಗಾಗಿ ನಮ್ಮ ಕಡೆ ನೆಂಟರಿಗೆ ಅರ್ಥ ಮಾಡಿಸುವುದೇ ದೊಡ್ಡ ಕೆಲಸ. "ಒಂದು ತುಂಡು ತಿಂದರೆ ಏನಾಗುತ್ತೆ ಬಿಡೇ" ಅನ್ನುವವರು ಪ್ರತಿ ಮದುವೆ ಮನೆಯಲ್ಲೂ ಇರುತ್ತಾರೆ.

ಸೀಲಿಯಾಕ್ ಇರುವವರಿಗಾಗಿ ಮಾಡುವಾಗ ಓಟ್ಸ್‌ನ ಪ್ಯಾಕೆಟ್ಟೇ ಮುಖ್ಯ. ಓಟ್ಸ್‌ನಲ್ಲಿ ಗೋಧಿಯ ಗ್ಲುಟೆನ್ ಇಲ್ಲ, ಅವೆನಿನ್ ಅನ್ನುವ ಬೇರೆ ಪ್ರೋಟೀನ್ ಇದೆ. ಸೀಲಿಯಾಕ್ ಇರುವ ಹೆಚ್ಚಿನವರಿಗೆ ಅದು ಒಗ್ಗುತ್ತದೆ, ಕೆಲವರಿಗೆ ಒಗ್ಗುವುದಿಲ್ಲ. ತೊಂದರೆ ಬರುವುದು ಹೆಚ್ಚಾಗಿ ಬೇರೆ ದಾರಿಯಿಂದ. ಓಟ್ಸ್ ಬೆಳೆಯುವ ಹೊಲ, ಸಾಗಿಸುವ ಲಾರಿ, ಅರೆಯುವ ಮಿಲ್ಲು ಎಲ್ಲವೂ ಗೋಧಿ ಬಾರ್ಲಿಗೂ ಅವೇ ಆಗಿರುತ್ತವೆ. ಮಾಮೂಲಿ ಓಟ್ಸ್‌ನಲ್ಲಿ ನಾಲ್ಕು ಕಾಳು ಗೋಧಿ ಬೆರೆತಿದ್ದರೂ ಈ ಮಕ್ಕಳಿಗೆ ಅದು ಜಾಸ್ತಿಯೇ. ನಮ್ಮ ದೇಶದ ಆಹಾರ ಸುರಕ್ಷತಾ ಪ್ರಾಧಿಕಾರ ಎಫ್‌ಎಸ್‌ಎಸ್‌ಎಐ ನಿಯಮದಲ್ಲಿ ಗ್ಲುಟೆನ್ ಫ್ರೀ ಅಂತ ಬರೆಯಬೇಕಾದರೆ ಒಂದು ಕಿಲೋದಲ್ಲಿ ಗ್ಲುಟೆನ್ 20 ಮಿಲಿಗ್ರಾಂ ಮೀರಬಾರದು. ಆಸ್ಟ್ರೇಲಿಯಾ, ನ್ಯೂಜಿಲೆಂಡ್‌ನಲ್ಲಂತೂ ಓಟ್ಸ್ ಇರುವ ಪದಾರ್ಥಕ್ಕೆ ಆ ಹೆಸರು ಹಾಕಲು ಬಿಡುವುದೇ ಇಲ್ಲ. ಆದ್ದರಿಂದ ಗ್ಲುಟೆನ್ ಫ್ರೀ ಅಂತ ಸ್ಪಷ್ಟವಾಗಿ ಬರೆದದ್ದನ್ನೇ ಕೊಳ್ಳಿ. ಮೊದಲ ಸಲ ಓಟ್ಸ್ ಕೊಡುವ ಮುಂಚೆ ಡಾಕ್ಟರನ್ನು ಕೇಳಿ.

ಮನೆಯಲ್ಲೂ ಇದೇ ಕಥೆ. ಗೋಧಿ ಹಿಟ್ಟಿನ ಜರಡಿ, ಚಪಾತಿ ಮಣೆ, ಹಳೆಯ ಮರದ ಸೌಟು ಯಾವುದೂ ಇದಕ್ಕೆ ಬೇಡ. ಓಟ್ಸ್ ಬದಲು ರಾಗಿ ಹಿಟ್ಟು ಹಾಕುತ್ತೇನೆ ಅನ್ನುವವರು ಆ ಹಿಟ್ಟು ಎಲ್ಲಿ ಬೀಸಿದ್ದು ನೋಡಿಕೊಳ್ಳಿ. ರಾಗಿಯಲ್ಲಿ ಗ್ಲುಟೆನ್ ಇಲ್ಲ, ನಿಜ. ಗಿರಣಿಯಲ್ಲಿ ನಿಮಗಿಂತ ಮುಂಚೆ ಯಾರೋ ಗೋಧಿ ಬೀಸಿಸಿಕೊಂಡು ಹೋಗಿರುತ್ತಾರೆ. ಅಕ್ಕ ರಾಗಿಯನ್ನು ತೊಳೆದು ಒಣಗಿಸಿ ಮಿಕ್ಸಿಯಲ್ಲೇ ಪುಡಿ ಮಾಡಿಕೊಳ್ಳುತ್ತಾಳೆ. ಇಂಗಿನ ಡಬ್ಬಿಯೂ ಹಾಗೇ. ನಾವು ಬಳಸುವ ಪುಡಿ ಇಂಗಿಗೆ ಮೈದಾ ಬೆರೆಸಿರುವುದು ಸಾಮಾನ್ಯ. ಕುಕ್ಕೀಸ್‌ಗೆ ಇಂಗು ಯಾರೂ ಹಾಕಲ್ಲ ಬಿಡಿ, ಆದರೆ ಕುಕ್ಕೀಸ್‌ಗೆ ಇಷ್ಟೆಲ್ಲ ಎಚ್ಚರ ವಹಿಸಿ ಸಾರಿನ ಒಗ್ಗರಣೆಯಲ್ಲಿ ಮರೆಯುವವರಿದ್ದಾರೆ. ಓಟ್ಸ್ ಒಗ್ಗದ ಮಕ್ಕಳಿಗೆ ನಾನು ಹಾಕುವುದು ಬೆಚ್ಚಗೆ ಹುರಿದು ತರಿಯಾಗಿ ಪುಡಿ ಮಾಡಿದ ಅವಲಕ್ಕಿ. ಚೆನ್ನಾಗಿ ಬರುತ್ತದೆ, ಕರುಂಕುರುಂ ಅನ್ನುತ್ತದೆ.

ಇನ್ನು ಆ ಎರಡನೇ ಪ್ರಶ್ನೆ. ಗ್ಲುಟೆನ್ ಇಲ್ಲ ಅಂದ ಮಾತ್ರಕ್ಕೆ ಸಣ್ಣಗಾಗುವ ತಿಂಡಿ ಅಲ್ಲ ಇದು. ಮೇಲಿನ ಅಳತೆ ಕೂಡಿಸಿದರೆ ಒಂದು ಕುಕ್ಕಿಗೆ ಸುಮಾರು 115 ಕ್ಯಾಲೊರಿ, 4 ಗ್ರಾಂ ಪ್ರೋಟೀನ್, 5 ಗ್ರಾಂ ಬೆಲ್ಲ. ಅಮೆರಿಕದವರ ಜನಪ್ರಿಯ ಅಳತೆ ಒಂದು ಕಪ್ ಪೀನಟ್ ಬಟರಿಗೆ ಒಂದು ಕಪ್ ಸಕ್ಕರೆ, ಅಂದರೆ 200 ಗ್ರಾಂ. ಅದರ ಅರ್ಧ ಸಿಹಿ ಇದರಲ್ಲಿದೆ, ನಾರು ಪ್ರೋಟೀನ್ ಇದೆ, ಡಾಲ್ಡಾ ಇಲ್ಲ. ಬೇಕರಿ ಬಿಸ್ಕತ್ತಿಗಿಂತ ವಾಸಿ ಅನ್ನುವುದು ಇಷ್ಟರ ಮಟ್ಟಿಗೆ. ಬೆಲ್ಲ ಹಾಕಿದ್ದೇನೆ, ಸಕ್ಕರೆ ಕಾಯಿಲೆಯವರೂ ತಿನ್ನಬಹುದು ಅಂತ ಹೇಳಬೇಡಿ. ಬೆಲ್ಲದಲ್ಲಿ ಮುಕ್ಕಾಲು ಪಾಲಿಗಿಂತ ಜಾಸ್ತಿ ಸಕ್ಕರೆಯೇ. ನಾನು ಅದನ್ನು ಹಾಕುವುದು ರುಚಿಗೆ, ಮತ್ತೆ ಅದರ ತೇವಕ್ಕೆ ಕುಕ್ಕೀಸ್ ನಡುವೆ ಮೆತ್ತಗೆ ಉಳಿಯುತ್ತದೆ ಅಂತ. ಸೀಲಿಯಾಕ್ ಇಲ್ಲದವರು ಗ್ಲುಟೆನ್ ಬಿಡಲೇಬೇಕು ಅಂತಲೂ ನಾನು ಹೇಳಲ್ಲ. ನಮ್ಮ ಮನೆಯಲ್ಲಿ ಚಪಾತಿ ದಿನಾ ಆಗುತ್ತದೆ.

ಬೇರೆಯವರ ಮಕ್ಕಳಿಗೆ ಕೊಡುವ ಮುಂಚೆ ಶೇಂಗಾ ಅಲರ್ಜಿ ಇದೆಯಾ ಅಂತ ಕೇಳಿ, ಅದು ಗ್ಲುಟೆನ್‌ಗಿಂತ ತುರ್ತಿನ ವಿಷಯ. ಶೇಂಗಾ ಬದಲು ಸೂರ್ಯಕಾಂತಿ ಬೀಜ ಅರೆದು ಹಾಕಬಹುದು. ಸೋಡಾ ಸೇರಿ ಒಳಗೆ ಹಸಿರು ಬಣ್ಣ ಬಂದರೆ ಹೆದರಬೇಡಿ, ಆ ಬೀಜದ ಗುಣ ಅದು, ಕೆಟ್ಟಿಲ್ಲ.

ಪೂರ್ತಿ ಆರಿದ ಮೇಲೆ ಗಾಳಿಯಾಡದ ಡಬ್ಬಿಯಲ್ಲಿ ಹಾಕಿದರೆ ಒಂದು ವಾರ ಇರುತ್ತದೆ, ಮಳೆಗಾಲದಲ್ಲಿ ಸ್ವಲ್ಪ ಕಡಿಮೆ. ನಾನು ಒಂದೇ ಸಲ ಎಲ್ಲ ಬೇಯಿಸುವುದಿಲ್ಲ. ಅರ್ಧ ಉಂಡೆಗಳನ್ನು ಫೋರ್ಕಿನಲ್ಲಿ ಒತ್ತಿ ಫ್ರೀಜರ್‌ಗೆ ಸೇರಿಸುತ್ತೇನೆ. ಅಕ್ಕನ ಮಗಳು ಬರುತ್ತಾಳೆ ಅಂತ ಫೋನ್ ಬಂದ ದಿನ ಹಾಗೇ ತೆಗೆದು ಓವನ್‌ಗೆ ಇಟ್ಟರೆ ಆಯಿತು, ಎರಡು ಮೂರು ನಿಮಿಷ ಹೆಚ್ಚಿಗೆ ಹಿಡಿಯುತ್ತದೆ.