‘ಧೈರ್ಯ ಹೇಳೋದಷ್ಟೇ ಅಲ್ವಾ ನಿಮ್ಮ ಕೆಲಸ?’

ನಾನು ಕಲಬುರಗಿಯಲ್ಲಿ ಡಯಾಲಿಸಿಸ್ ರೋಗಿಗಳ ಕೌನ್ಸೆಲರ್. ಮದುವೆ ಮನೆಯಲ್ಲಿ, ಬಸ್ಸಿನಲ್ಲಿ, ಎಲ್ಲಿ ಹೇಳಿದರೂ ಮುಂದಿನ ಮಾತು ಇದೇ: ‘ಅಂದ್ರೆ ಧೈರ್ಯ ಹೇಳೋದಷ್ಟೇ ಅಲ್ವಾ?’

ಅಲ್ಲ. ಆ ‘ಅಷ್ಟೇ’ ಕೇಳಿದರೆ ನನಗೆ ಸಿಟ್ಟು ಬರುತ್ತದೆ. ಧೈರ್ಯ ಹೇಳಲು ಬೀಗರಿದ್ದಾರೆ, ಓಣಿಯವರಿದ್ದಾರೆ. ‘ಎಲ್ಲಾ ಸರಿ ಹೋಗುತ್ತೆ’ ಅಂದು, ಚಹಾ ಕುಡಿದು ಹೋಗುತ್ತಾರೆ. ಡಯಾಲಿಸಿಸ್ ರಕ್ತ ಸೋಸುತ್ತದೆ, ಪೂರ್ತಿ ಕೆಟ್ಟ ಕಿಡ್ನಿಯನ್ನು ವಾಸಿ ಮಾಡುವುದಿಲ್ಲ. ವಾರಕ್ಕೆ 2-3 ಸಲ, ಪ್ರತಿ ಸಲ ಸುಮಾರು 4 ತಾಸು ಮಷಿನ್ ಪಕ್ಕ ಮಲಗುವವರಿಗೆ ಇದು ಚೆನ್ನಾಗಿ ಗೊತ್ತು. ಅವರಿಗೆ ಸುಳ್ಳು ಹೇಳಲು ನನಗೆ ಬಾಯಿ ಬರುವುದಿಲ್ಲ.

ಒಂದು ಮೇ ತಿಂಗಳು, ಹೊರಗೆ ಕೆಂಡದಂಥ ಬಿಸಿಲು. ಆಳಂದ ಕಡೆಯ ರೈತರೊಬ್ಬರು ಎರಡು ಡಯಾಲಿಸಿಸ್ ನಡುವೆ 4 ಕೆಜಿ ಏರಿ ಬಂದಿದ್ದರು. ಅಷ್ಟೂ ನೀರೇ. ಮೂತ್ರ ಹೋಗದಿದ್ದರೆ ಕುಡಿದದ್ದು ಮೈಯಲ್ಲೇ ನಿಲ್ಲುತ್ತದೆ, ಉಸಿರು ಕಟ್ಟುತ್ತದೆ. ಎಲ್ಲರೂ ಬೈದರು. ನಾನು ಪಕ್ಕದಲ್ಲಿ ಕೂತು, ‘ಯಾವಾಗ ಜಾಸ್ತಿ ಕುಡೀತೀರಿ?’ ಅಂದೆ.

ಬಹಳ ಹೊತ್ತು ಸುಮ್ಮನಿದ್ದರು. ‘ನೋಡಲಿಕ್ಕೆ ಮಂದಿ ಬರ್ತಾರ್ರೀ. ಬೆಲ್ಲ ನೀರು ಕೊಡ್ತೀವಿ. ಅವರ ಜೋಡಿ ನಾನೂ ಕುಡೀತೀನಿ. ಕುಡೀಲಿಲ್ಲಂದ್ರ ಅಯ್ಯೋ ಪಾಪ ಅಂತಾರ.’

ಬೈದವರಿಗೆ ಇದು ಸಿಗಲಿಲ್ಲ, ಅಲ್ವಾ? ಆಮೇಲೆ ಇಬ್ಬರೂ ಸೇರಿ ದಾರಿ ಹುಡುಕಿದೆವು. ಡಾಕ್ಟರ್ ಹೇಳಿದಷ್ಟು ನೀರು ಬೆಳಿಗ್ಗೆಯೇ ಒಂದು ಬಾಟಲಿಗೆ. ಮಂದಿ ಬಂದಾಗ ಅದರಿಂದಲೇ ಸಣ್ಣ ಚಹಾ ಕಪ್ಪಿನಲ್ಲಿ ಒಂದೊಂದು ಗುಟುಕು. ಉಪ್ಪು ತಿಂದಷ್ಟೂ ಬಾಯಾರುತ್ತದೆ, ಹಾಗಾಗಿ ಉಪ್ಪಿನಕಾಯಿ, ಶೇಂಗಾ ಹಿಂಡಿ (ಚಟ್ನಿಪುಡಿ) ದೂರ. ರೊಟ್ಟಿ ಜೊತೆ ಹಿಂಡಿ ಬಿಡುವುದು ನಮ್ಮ ಕಡೆಯವರಿಗೆ ಎಷ್ಟು ಕಷ್ಟ ಅಂತ ನನಗೆ ಗೊತ್ತು.

ನನ್ನನ್ನು ಯಾರೂ ಕೇಳದ ಪ್ರಶ್ನೆ ಒಂದಿದೆ: ‘ಜೊತೆಗೆ ಬಂದವರು ಹೇಗಿದ್ದಾರೆ?’

ಅವತ್ತು ಆ ರೈತರ ಹೆಂಡತಿ ಬಾಗಿಲ ಹತ್ತಿರ ನೆಲದ ಮೇಲೆ ಕೂತಿದ್ದರು. ತುಟಿ ಒಡೆದಿತ್ತು. ‘ಯಕ್ಕಾ, ನೀವು ನೀರು ಕುಡಿದ್ರಿ?’ ಅಂದೆ. ತಲೆ ಅಲ್ಲಾಡಿಸಿದರು. ಗಂಡನ ಎದುರು ನೀರು ಕುಡಿಯುವುದನ್ನೇ ಬಿಟ್ಟಿದ್ದರಂತೆ. ಮನೆಯಲ್ಲಾದರೆ ಹಿತ್ತಲಿಗೆ ಹೋಗಿ ಕುಡಿಯುತ್ತಾರೆ. ಇಲ್ಲಿ ಹಿತ್ತಲೆಲ್ಲಿದೆ?

ನಾನು ಬಾಟಲಿ ಕೊಟ್ಟೆ. ಅವರು ಗಂಡನ ಕಡೆ ನೋಡಿದರು.

‘ಕುಡಿ,’ ಅಂದರು ಆತ. ‘ನಾ ಆಕಡಿ ಮಾರಿ ಮಾಡ್ತೀನಿ.’