ಲೋಡ್ ಇಳಿಸಿದರೆ ದುಡ್ಡು ಬರುತ್ತೆ, ಆದರೆ ಬಜೆಟ್‌ನಲ್ಲಿ ಬರೆದುಕೊಳ್ಳಬೇಡಿ

12 ಮಾರ್ಚ್ 2026, ಗುರುವಾರ
ಬೆಂಗಳೂರು

ನಮ್ಮ ವಿಶ್ವವಿದ್ಯಾಲಯದ ಇವತ್ತಿನ ಮೀಟಿಂಗಿನಲ್ಲಿ ಡಿಮ್ಯಾಂಡ್ ರೆಸ್ಪಾನ್ಸ್ ವಿಷಯ ಬಂತು. ಗ್ರಿಡ್ ಮೇಲೆ ಒತ್ತಡ ಬಿದ್ದಾಗ ಗ್ರಿಡ್ ನಡೆಸುವವರು ಹೇಳಿದ ಹೊತ್ತಿಗೆ ನಾವು ಲೋಡ್ (ಕರೆಂಟಿನ ಬಳಕೆ) ಇಳಿಸಬೇಕು, ಅದಕ್ಕೆ ದುಡ್ಡು ಕೊಡುತ್ತಾರೆ. ಅಮೆರಿಕದಲ್ಲಿ ವಿಶ್ವವಿದ್ಯಾಲಯಗಳೂ ಇದರಲ್ಲಿವೆ. "ವರ್ಷಕ್ಕೆ ಎಷ್ಟು ಅಂತ ಬರೆದುಕೊಳ್ಳಲಿ?" ಅಂತ ಫೈನಾನ್ಸ್ ಆಫೀಸರ್ ಕೇಳಿದರು. ಬರೆದುಕೊಳ್ಳಲೇಬೇಡಿ ಸರ್, ಅಂದೆ.

ಯಾಕೆ ಅಂದರೆ, ಅಲ್ಲಿನ ಲೆಕ್ಕವನ್ನೇ ನೋಡಿ. 13 ರಾಜ್ಯಗಳಿಗೆ ಹರಡಿರುವ ಪಿಜೆಎಂ ಎಂಬ ಗ್ರಿಡ್‌ನಲ್ಲಿ, ಬೇಕೆಂದಾಗ ಇಳಿಸಲು ಸಿದ್ಧವಿರುವ ಒಂದು ಮೆಗಾವಾಟ್‌ಗೆ ದಿನಕ್ಕೆ ಇಷ್ಟು ಅಂತ ಹರಾಜಿನಲ್ಲಿ ದರ ನಿಗದಿಯಾಗುತ್ತದೆ. 2024-25ಕ್ಕೆ ಅದು 28.92 ಡಾಲರ್, 2025-26ಕ್ಕೆ 269.92 ಡಾಲರ್. ಅಂದರೆ ಅದೇ ಒಂದು ಮೆಗಾವಾಟ್‌ಗೆ ಒಂದು ವರ್ಷ ಸುಮಾರು 10,550 ಡಾಲರ್, ಮರುವರ್ಷ 98,500 ಡಾಲರ್. ಹೀಗೆ ಏರುವುದು ಇಳಿಯಲೂ ಬಹುದು ಅಲ್ವಾ? ಇಂಥ ದುಡ್ಡನ್ನು ನಂಬಿ ಸಂಬಳದ ಲೆಕ್ಕ ಹಾಕಬಾರದು. ಗ್ರಿಡ್‌ಗೂ ಗ್ರಾಹಕರಿಗೂ ನಡುವೆ ನಿಲ್ಲುವ ಮಧ್ಯವರ್ತಿ ಕಂಪನಿಯ ಪಾಲು ಬೇರೆ. ಒಪ್ಪಿಕೊಂಡಷ್ಟು ಇಳಿಸದಿದ್ದರೆ ದಂಡ.

ಕ್ಯಾಂಪಸ್ಸಿನಲ್ಲಿ ಇಳಿಸಲು ಏನಿದೆ? ಚಿಲ್ಲರ್ (ಕಟ್ಟಡದ ಎಸಿಗೆ ನೀರು ತಣಿಸುವ ಯಂತ್ರ), ನೀರಿನ ಪಂಪು, ಖಾಲಿ ಹಾಲ್‌ಗಳ ಎಸಿ. ಲ್ಯಾಬಿನ ಮೈನಸ್ 80 ಡಿಗ್ರಿ ಫ್ರೀಜರ್ ಮುಟ್ಟುವ ಹಾಗಿಲ್ಲ. ಅದರಲ್ಲಿರುವುದು ಯಾರದೋ ನಾಲ್ಕು ವರ್ಷದ ಪಿಎಚ್‌ಡಿ, ಅದು ಹೋದರೆ ಯಾವ ದುಡ್ಡೂ ತುಂಬಿಕೊಡಲ್ಲ. ರಜೆಯಲ್ಲಂತೂ ಲೋಡ್ ಮೊದಲೇ ಕಡಿಮೆ, ಇಳಿಸಿ ತೋರಿಸಲು ಏನೂ ಉಳಿದಿರಲ್ಲ. ಡಿಜಿ (ಡೀಸೆಲ್ ಜನರೇಟರ್) ಓಡಿಸಿ ಇಳಿಸೋಣ ಅಂತ ಒಬ್ಬರು ಹೇಳಿದರು. ಡೀಸೆಲ್ ಖರ್ಚು ಹಾಗಿರಲಿ, ಹೊಗೆ ಹೋಗುವುದು ಹಾಸ್ಟೆಲ್ ಕಿಟಕಿಗೆ. ತುರ್ತು ಜನರೇಟರ್‌ಗಳನ್ನು ಹೀಗೆ ಓಡಿಸಲು ಅಮೆರಿಕದಲ್ಲಿ ಕೊಟ್ಟಿದ್ದ ಸಡಿಲಿಕೆಯನ್ನು 2015ರಲ್ಲಿ ಕೋರ್ಟೇ ರದ್ದು ಮಾಡಿತು. ಅದನ್ನೇ ನಂಬಿ ಕರಾರು ಮಾಡಿಕೊಂಡವರ ಗತಿ ಏನಾಗಿರಬೇಕು!

ಇನ್ನೊಂದು ವಿಷಯ ಯಾರೂ ಎತ್ತಲಿಲ್ಲ. ಎರಡು ಗಂಟೆ ನಿಲ್ಲಿಸಿದ ಚಿಲ್ಲರ್‌ಗಳನ್ನೆಲ್ಲ ಒಟ್ಟಿಗೆ ಆನ್ ಮಾಡಿದರೆ ಆ ತಿಂಗಳ ಮ್ಯಾಕ್ಸಿಮಮ್ ಡಿಮ್ಯಾಂಡ್ (ಅತಿ ಹೆಚ್ಚು ಎಳೆದ ಲೋಡ್) ಅಲ್ಲೇ ದಾಖಲಾಗಿಬಿಡುತ್ತದೆ. ಕಾಂಟ್ರಾಕ್ಟ್ ಡಿಮ್ಯಾಂಡ್, ಅಂದರೆ ಬೆಸ್ಕಾಂ ಜೊತೆ ಒಪ್ಪಿಕೊಂಡ ಗರಿಷ್ಠ ಲೋಡ್, ಮೀರಿದ ಭಾಗಕ್ಕೆ ನಮ್ಮ ಎಚ್‌ಟಿ (ಹೈ ಟೆನ್ಷನ್) ಬಿಲ್‌ನಲ್ಲಿ ಎರಡು ಪಟ್ಟು ಡಿಮ್ಯಾಂಡ್ ಚಾರ್ಜ್ (ಆ ಗರಿಷ್ಠ ಲೋಡ್ ಮೇಲಿನ ಶುಲ್ಕ). ಗಳಿಸಿದ್ದು ಅಲ್ಲಿಗೇ ಹೋಯಿತು. ಒಂದೊಂದಾಗಿ, ಬಿಡುವು ಕೊಟ್ಟು ಆನ್ ಮಾಡಬೇಕು.

ನಿಜ ಹೇಳಬೇಕೆಂದರೆ ನಮಗೆ ಉಳಿತಾಯ ಇರುವುದೇ ಈ ಬಿಲ್‌ನಲ್ಲಿ. ಇದಕ್ಕೆ ಯಾರ ಕರಾರೂ ಬೇಡ, ದಂಡದ ಭಯವೂ ಇಲ್ಲ. ಆದರೆ ಸುಮ್ನೆ ಪೀಕ್ (ತಿಂಗಳ ಗರಿಷ್ಠ ಲೋಡ್) ಇಳಿಸಿದರೆ ಸಾಲದು, ಕಾಂಟ್ರಾಕ್ಟ್ ಡಿಮ್ಯಾಂಡಿನ ದೊಡ್ಡ ಪಾಲಿಗೆ ಬಳಸಿದರೂ ಬಿಟ್ಟರೂ ದುಡ್ಡು ಕಟ್ಟಲೇಬೇಕು. ಕೆಲವು ತಿಂಗಳು ಪೀಕ್ ಹಿಡಿತದಲ್ಲಿಟ್ಟು, ಆಮೇಲೆ ಬೆಸ್ಕಾಂಗೆ ಅರ್ಜಿ ಹಾಕಿ ಕಾಂಟ್ರಾಕ್ಟ್ ಡಿಮ್ಯಾಂಡನ್ನೇ ಕಡಿಮೆ ಮಾಡಿಸಬೇಕು. ಇಷ್ಟು ಅಭ್ಯಾಸವಾದರೆ ಮುಂದೆ ಇಲ್ಲಿ ಯಾವ ಯೋಜನೆ ಬಂದರೂ ಎಷ್ಟು ಇಳಿಸಬಲ್ಲೆವು ಅಂತ ಧೈರ್ಯವಾಗಿ ಹೇಳಬಹುದು.

ಮುಂದಿನ ವಾರ ಲೈಬ್ರರಿ ಬ್ಲಾಕಿನ ಚಿಲ್ಲರ್ ಒಂದು ಗಂಟೆ ನಿಲ್ಲಿಸಿ ನೋಡಲು ಅನುಮತಿ ಕೇಳಿದ್ದೇನೆ. ಪರೀಕ್ಷೆ ಇಲ್ಲದ ದಿನವೇ ಮಾಡಿ ಅಂದಿದ್ದಾರೆ.