ಜನವರಿ 30ರ ಪುಸ್ತಕ

ಚಿಕ್ಕಮಗಳೂರಿನ ಮಕ್ಕಳು ಶಾಲೆಗೆಂದು ದಿನಾ ಓಡಾಡುವ ಎರಡು ಬೀದಿಗಳು ಎಂ.ಜಿ. ರಸ್ತೆ ಮತ್ತು ಐ.ಜಿ. ರಸ್ತೆ. ಮಹಾತ್ಮ ಗಾಂಧಿ, ಇಂದಿರಾ ಗಾಂಧಿ, ಇಬ್ಬರೂ ಗುಂಡೇಟಿಗೆ ಬಿದ್ದವರು. ನಮ್ಮ ಚರಿತ್ರೆ ಮೇಷ್ಟ್ರು ಹುತಾತ್ಮರ ದಿನದ ಮಾತನ್ನು ಇಲ್ಲಿಂದಲೇ ಎತ್ತಿಕೊಳ್ಳುತ್ತಿದ್ದರು. ಅವರು ಹಾಕಿಕೊಟ್ಟ ಕ್ರಮ ಶಾಲೆಯಲ್ಲಿ ಇವತ್ತಿಗೂ ನಡೆಯುತ್ತಿದೆ. ಯಾವುದನ್ನು ಯಾಕೆ ಹಾಗೆ ಮಾಡುತ್ತಿದ್ದರು ಎಂಬುದು ಈಗಿನ ಮಕ್ಕಳಿಗೂ ಗೊತ್ತಿರಲಿ ಎಂದು ಇದನ್ನು ಬರೆಯುತ್ತಿದ್ದೇನೆ.

ಮೊದಲು ಮೌನ. ಸರ್ಕಾರದ ಸೂಚನೆಯಂತೆ ಬೆಳಿಗ್ಗೆ 11ಕ್ಕೆ ಎರಡು ನಿಮಿಷ. ಸೈರನ್ ಇರುವ ಕಡೆ 10.59ರಿಂದ 11ರವರೆಗೆ ಒಮ್ಮೆ, 11.02ರಿಂದ 11.03ರವರೆಗೆ ಇನ್ನೊಮ್ಮೆ ಕೂಗುತ್ತದೆ. ನಮ್ಮಲ್ಲಿ ಅದೇ ಲೆಕ್ಕಕ್ಕೆ ಗಂಟೆ ಬಾರಿಸುತ್ತಿದ್ದರು. ಮೌನ ಕೆಡುವುದು ಹೆಚ್ಚಾಗಿ ಮೊದಲ ಅರ್ಧ ನಿಮಿಷದಲ್ಲೇ. ಎಷ್ಟು ಹೊತ್ತು ನಿಲ್ಲಬೇಕೆಂದು ಗೊತ್ತಿಲ್ಲದ ಚಿಕ್ಕವರು ಆಚೀಚೆ ನೋಡುತ್ತಾರೆ, ಯಾರೋ ಕಿಸಕ್ಕೆಂದರೆ ಸಾಲೇ ನಗುತ್ತದೆ. ಅದಕ್ಕೆ ಹಿಂದಿನ ದಿನವೇ ಗಂಟೆಯ ಲೆಕ್ಕ ಹೇಳಿಕೊಟ್ಟಿರಬೇಕು. 10.50ಕ್ಕೆ ಎಲ್ಲರೂ ಸಾಲಿನಲ್ಲಿರಬೇಕು, ಮೈಕ್ ಆಫ್ ಆಗಿರಬೇಕು, ಗಡಿಯಾರ ಒಬ್ಬರ ಕೈಯಲ್ಲೇ ಇರಬೇಕು. ಬಾವುಟದ ವಿಷಯದಲ್ಲೂ ಎಚ್ಚರ ಬೇಕು. ದುಃಖದ ದಿನವೆಂದು ಶಾಲೆಯವರೇ ತೀರ್ಮಾನಿಸಿ ಅದನ್ನು ಅರ್ಧಕ್ಕೆ ಇಳಿಸುವಂತಿಲ್ಲ, ಸರ್ಕಾರದ ಆದೇಶ ಬೇಕು. ಆದೇಶ ಬಂದ ದಿನವೂ ಮೊದಲು ತುದಿಗೇರಿಸಿ ಆಮೇಲೆ ಅರ್ಧಕ್ಕೆ ತರಬೇಕು. ಸಂಜೆ ಇಳಿಸುವ ಮುನ್ನ ಮತ್ತೆ ತುದಿಗೆ ಮುಟ್ಟಿಸಬೇಕು.

ಮೌನ ಮುಗಿದ ಮೇಲೆ ಪುಸ್ತಕ ಓದುವುದು. ಗಟ್ಟಿ ರಟ್ಟಿನ ಒಂದು ಲಾಂಗ್ ಬುಕ್, ಒಂದು ಘಟನೆಗೆ ಒಂದು ಪುಟ. ಯಾರು, ಎಲ್ಲಿ, ಯಾವಾಗ, ಪಕ್ಕದಲ್ಲಿ ಯಾರಿದ್ದರು, ಗಾಯಗೊಂಡು ಉಳಿದವರು ಯಾರು ಎಂದು ಐದು ಅಂಕಣ. ಕೊಂದವನಿಗೆ ಅಂಕಣವಿರಲಿಲ್ಲ. ಅವನ ಹೆಸರನ್ನು ಪರೀಕ್ಷೆಯಲ್ಲಿ ಬರೆಯಿರಿ, ಇಲ್ಲಿ ಬೇಡ ಎನ್ನುತ್ತಿದ್ದರು ಮೇಷ್ಟ್ರು. ಪುಟಕ್ಕೊಬ್ಬ ಹುಡುಗ ಅಥವಾ ಹುಡುಗಿ ಎದ್ದು ಬಂದು ಓದಬೇಕು. 'ಮಹಾನ್', 'ಧೀಮಂತ' ಮುಂತಾದ ಮಾತುಗಳಿಗೆ ಅಲ್ಲಿ ಜಾಗವಿಲ್ಲ.

ಮೊದಲ ಪುಟ 1948ರ ಜನವರಿ 30, ಸಂಜೆ 5.17, ದೆಹಲಿಯ ಬಿರ್ಲಾ ಭವನ. ಸರ್ದಾರ್ ಪಟೇಲರ ಜೊತೆಗಿನ ಮಾತು ಬೆಳೆದು ಪ್ರಾರ್ಥನೆಗೆ ತಡವಾಗಿತ್ತು. ಬಂಧು ಹುಡುಗಿಯರಾದ ಮನು, ಆಭಾ ಇಬ್ಬರ ಹೆಗಲ ಮೇಲೆ ಕೈಯಿಟ್ಟು ಗಾಂಧೀಜಿ ಬೇಗ ಬೇಗ ನಡೆದು ಬರುತ್ತಿದ್ದರು. ಅಡ್ಡ ಬಂದವನನ್ನು ಮನು ತಡೆದಾಗ ಅವನು ಅವಳನ್ನು ತಳ್ಳಿದ, ಅವಳ ಕೈಯಲ್ಲಿದ್ದ ಜಪಮಾಲೆಯೂ ಪುಸ್ತಕವೂ ಕೆಳಗೆ ಬಿದ್ದವು. ಆಮೇಲೆ ಮೂರು ಗುಂಡು. ಹತ್ತು ದಿನ ಮೊದಲು, ಜನವರಿ 20ರಂದು, ಅಲ್ಲೇ ಬಾಂಬು ಸಿಡಿದಿತ್ತು. ಆದರೂ ಪ್ರಾರ್ಥನೆಗೆ ಬರುವವರನ್ನು ಪೊಲೀಸರು ತಪಾಸಣೆ ಮಾಡುವುದಕ್ಕೆ ಗಾಂಧೀಜಿ ಒಪ್ಪಿರಲಿಲ್ಲ. ಪಕ್ಕದಲ್ಲಿದ್ದವರ ಅಂಕಣ ಯಾಕೆ ಬೇಕು ಎಂದು ಯಾರಾದರೂ ಕೇಳಿದರೆ ಈ ಪುಟ ತೋರಿಸಿದರೆ ಸಾಕು. ಬದುಕಿದ್ದಷ್ಟು ಕಾಲ ಆ ಇಬ್ಬರು ಹುಡುಗಿಯರು ಆ ಸಂಜೆಯನ್ನು ಹೊತ್ತೇ ಬದುಕಬೇಕಾಯಿತು.

ಇಂದಿರಾ ಗಾಂಧಿಯವರ ಪುಟ ನಮ್ಮೂರಿಗೆ ಹತ್ತಿರದ್ದು. 1978ರ ನವೆಂಬರ್ ಉಪಚುನಾವಣೆಯಲ್ಲಿ ವೀರೇಂದ್ರ ಪಾಟೀಲರ ಎದುರು ಎಪ್ಪತ್ತು ಸಾವಿರಕ್ಕೂ ಹೆಚ್ಚು ಮತಗಳ ಅಂತರದಿಂದ ಗೆಲ್ಲಿಸಿ ಅವರನ್ನು ಲೋಕಸಭೆಗೆ ಕಳಿಸಿದ್ದು ಈ ಕ್ಷೇತ್ರ. 1984ರ ಅಕ್ಟೋಬರ್ 31ರ ಬೆಳಿಗ್ಗೆ, ದೆಹಲಿಯ ಸಫ್ದರ್‌ಜಂಗ್ ರಸ್ತೆಯ ಮನೆಯಂಗಳದಲ್ಲಿ, ಕಾವಲಿಗಿದ್ದ ಇಬ್ಬರೇ ಅವರಿಗೆ ಗುಂಡು ಹಾರಿಸಿದರು. ಅದೇ ಪುಟದ ಕೆಳಗೆ ಮೇಷ್ಟ್ರು ಇನ್ನೊಂದು ಸಾಲು ಬರೆಸಿದ್ದರು: ಮುಂದಿನ ದಿನಗಳಲ್ಲಿ ದೆಹಲಿಯೊಂದರಲ್ಲೇ ಕೊಲೆಯಾದ ಸಿಖ್ಖರು ಸರ್ಕಾರಿ ಲೆಕ್ಕದಂತೆ 2,733. ಅವರಲ್ಲಿ ಬಹುಮಂದಿ ಸತ್ತದ್ದು ಗುಂಡಿನಿಂದಲ್ಲ, ಬೆಂಕಿಯಿಂದ. ನಾಯಕಿಯ ಹೆಸರು ಓದಿ ಆ ಸಾಲನ್ನು ಬಿಟ್ಟರೆ ಓದಿದಂತಾಗದು ಎಂಬುದು ಅವರ ಹಟ. ಆ ಹಟ ಸರಿಯಾದದ್ದೇ.

ಆಮೇಲಿನ ಪುಟಗಳನ್ನು ಮುಂದಿನ ತಂಡಗಳ ಮಕ್ಕಳು ಸೇರಿಸಿದ್ದಾರೆ. 2015ರ ಫೆಬ್ರವರಿ 16ರಂದು ಕೊಲ್ಹಾಪುರದಲ್ಲಿ ಕಮ್ಯುನಿಸ್ಟ್ ನಾಯಕ ಗೋವಿಂದ ಪಾನಸರೆ ದಂಪತಿಗೆ ಗುಂಡು ಬಿತ್ತು. 20ರಂದು ಅವರು ತೀರಿಕೊಂಡರು, ಪತ್ನಿ ಉಮಾ ಬದುಕುಳಿದರು. ಐದನೆಯ ಅಂಕಣ ಅಲ್ಲಿ ತುಂಬಿದೆ. ಅದೇ ವರ್ಷ ಆಗಸ್ಟ್ 30ರಂದು ಧಾರವಾಡದ ಮನೆಯ ಬಾಗಿಲಲ್ಲಿ ಸಂಶೋಧಕ ಎಂ.ಎಂ. ಕಲಬುರ್ಗಿ. 2017ರ ಸೆಪ್ಟೆಂಬರ್ 5ರ ರಾತ್ರಿ ಬೆಂಗಳೂರಿನ ರಾಜರಾಜೇಶ್ವರಿ ನಗರದಲ್ಲಿ ಪತ್ರಕರ್ತೆ ಗೌರಿ ಲಂಕೇಶ್.

ಕಲಬುರ್ಗಿ, ಗೌರಿ ಇಬ್ಬರ ಕೊಲೆಗೂ ಬಳಸಿದ್ದು ಒಂದೇ 7.65 ಎಂ.ಎಂ. ನಾಡ ಪಿಸ್ತೂಲು ಎಂದು ವಿಧಿವಿಜ್ಞಾನ ಪರೀಕ್ಷೆ ಹೇಳಿತು. ಅದು ತಿಳಿಯುವುದು ಹೇಗೆಂದು ಮಕ್ಕಳು ಖಂಡಿತ ಕೇಳುತ್ತಾರೆ, ಹೇಳಬೇಕು. ತೋಟೆಯ, ಅಂದರೆ ಗುಂಡು, ಮದ್ದು ತುಂಬಿದ ಲೋಹದ ಕೊಳವೆಯ, ತಳಕ್ಕೆ ಪಿಸ್ತೂಲಿನ ಪಿನ್ನು ಬಡಿದಾಗ ಒಂದು ಕುಳಿ ಬೀಳುತ್ತದೆ. ಹೊಡೆತದ ರಭಸಕ್ಕೆ ತೋಟೆ ಹಿಂದಕ್ಕೆ ಒತ್ತಿ, ಹಿಂಬದಿಯ ಉಕ್ಕಿನ ಒರಟು ಅದರ ಮೇಲೆ ಅಚ್ಚಾಗುತ್ತದೆ. ಖಾಲಿ ತೋಟೆಯನ್ನು ಹೊರಗೆಸೆಯುವ ಕೊಂಡಿ ಅಂಚಿನಲ್ಲಿ ಗೀರು ಬಿಡುತ್ತದೆ. ಎರಡು ಕಡೆ ಸಿಕ್ಕ ತೋಟೆಗಳನ್ನು ಜೋಡಿ ಸೂಕ್ಷ್ಮದರ್ಶಕದಲ್ಲಿ ಅಕ್ಕಪಕ್ಕ ಇಟ್ಟು ಈ ಗುರುತುಗಳನ್ನು ಹೋಲಿಸುತ್ತಾರೆ. ನಾಡ ಪಿಸ್ತೂಲಿನ ನಳಿಕೆಯೊಳಗೆ ಸುರುಳಿ ಗೀರು ಸರಿಯಾಗಿಲ್ಲದಿರುವುದೇ ಹೆಚ್ಚು. ಆಗ ಗುಂಡಿಗಿಂತ ಖಾಲಿ ತೋಟೆಯೇ ಹೆಚ್ಚು ಮಾತಾಡುತ್ತದೆ. ಹಾಗಾಗಿ ಘಟನೆಯ ಜಾಗಕ್ಕೆ ಜನ ನುಗ್ಗಿ ತುಳಿದರೆ, ಯಾರೋ ಅಂಗಳ ಗುಡಿಸಿದರೆ ಸಾಕ್ಷ್ಯವೇ ಹೋಗುತ್ತದೆ. ಗಾಯಾಳುವನ್ನು ಸಾಗಿಸಲು ಬೇಕಾದಷ್ಟು ಜನ ಬಿಟ್ಟು ಉಳಿದವರು ದೂರ ನಿಲ್ಲಬೇಕು. ಬೆಳೆ ರಕ್ಷಣೆಯ ಕೋವಿಯನ್ನು ಚುನಾವಣೆ ಬಂದಾಗ ಠಾಣೆಗೆ ಒಪ್ಪಿಸಿ ರಸೀದಿ ತರುವುದನ್ನು ಕಂಡು ಬೆಳೆದ ಮಲೆನಾಡಿನ ಮಕ್ಕಳಿಗೆ ಇದು ಬೇಗ ಅರ್ಥವಾಗುತ್ತದೆ.

ಒಂದು ಪುಟ ಮಾತ್ರ ಅರ್ಧ ಖಾಲಿ ಇದೆ. 2005ರ ಫೆಬ್ರವರಿ 6ರಂದು ನಮ್ಮದೇ ಜಿಲ್ಲೆಯ ಕಾಡಿನಲ್ಲಿ ನಕ್ಸಲ್ ನಾಯಕ ಸಾಕೇತ್ ರಾಜನ್ ಪೊಲೀಸರ ಗುಂಡಿಗೆ ಸತ್ತ. ನಾಲ್ಕೇ ದಿನದಲ್ಲಿ ಪಾವಗಡ ತಾಲ್ಲೂಕಿನ ವೆಂಕಟಮ್ಮನಹಳ್ಳಿಯಲ್ಲಿ ಮೀಸಲು ಪೊಲೀಸರ ಮೇಲೆ ನಕ್ಸಲರ ದಾಳಿಯಾಯಿತು. ಅಲ್ಲಿ ಸತ್ತ ಪೊಲೀಸರದ್ದನ್ನು ಬರೆಯುವುದಕ್ಕೆ ಯಾರ ತಕರಾರೂ ಇರಲಿಲ್ಲ. ಕೋವಿ ಹಿಡಿದವನನ್ನೂ ಬರೆಯಬೇಕೇ ಎಂಬ ವಾದ ಮಾತ್ರ ಬಗೆಹರಿಯಲಿಲ್ಲ. ಬಗೆಹರಿಯುವವರೆಗೆ ಜಾಗ ಖಾಲಿ ಇರಲಿ ಎಂದೇ ನನ್ನ ಅಭಿಪ್ರಾಯ.

ಗುಂಡೇಟು ತಿಂದು ಉಳಿದವರನ್ನೋ ಅವರ ಮನೆಯವರನ್ನೋ ಶಾಲೆಗೆ ಕರೆಯುವುದಾದರೆ, ಏನು ಮಾತಾಡುತ್ತಾರೆಂಬುದನ್ನು ಅವರಿಗೇ ಬಿಡಿ. 'ಆವತ್ತು ಏನಾಯ್ತು ಹೇಳಿ' ಎಂದು ವೇದಿಕೆಯ ಮೇಲೆ ಕೇಳಬೇಡಿ. ಗಂಟೆ, ಸೈರನ್ ಆಗುವ ಹೊತ್ತನ್ನು ಮೊದಲೇ ತಿಳಿಸಿ. ಪಟಾಕಿ, ಬಲೂನು ಬೇಡವೇ ಬೇಡ. ಬಾಗಿಲಿಗೆ ಬೆನ್ನು ಮಾಡಿ ಕೂರಿಸಬೇಡಿ. ಸಾಕೆನಿಸಿದಾಗ ಎದ್ದು ಹೋಗಲು ಪಕ್ಕದಲ್ಲೇ ದಾರಿಯಿರಲಿ.

ಪುಸ್ತಕದ ಹಾಳೆಗಳಿಗೆ ಬೂಷ್ಟು ಹಿಡಿಯುತ್ತಿದೆ. ಮೇ ತಿಂಗಳಲ್ಲೇ ನೆರಳಿನಲ್ಲಿ ಹರವಿ ಗಾಳಿಗೆ ಒಣಗಿಸಿ, ಮಳೆ ಹಿಡಿಯುವ ಮೊದಲು ಒಂದು ಪ್ರತಿ ಮಾಡಿಡಿ. ನೀರಿಗೆ ಹರಡದ ಶಾಯಿಯಲ್ಲಿ ಬರೆಯಿರಿ. ಐದನೆಯ ಅಂಕಣವನ್ನು ಈಗಿರುವುದಕ್ಕಿಂತ ಅಗಲ ಬಿಡಿ.